ಹೇಳದೆ ಉಳಿದ ಮಾತಿನ ಬೆಲೆ

ಮನುಷ್ಯನ ವಿಶ್ವಾಸವು ಪರೀಕ್ಷೆಗೊಳಗಾಗುವ ಸ್ಥಳಗಳಲ್ಲಿ ಮಾರುಕಟ್ಟೆಯು ಬಹಳ ಮುಖ್ಯವಾದುದು. ಮಸೀದಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರು ಅದೇ ದಿನ ಸಂಜೆ ಒಂದು ಹಳೆಯ ಗಾಡಿಯ ಮುಂದೆ ಮಾರುವವನೂ ಕೊಳ್ಳುವವನೂ ಆಗಿ ಎದುರುಬದುರಾಗುತ್ತಾರೆ. ಅಲ್ಲಿ ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿರುವುದಿಲ್ಲ. ಈ ಅಂತರದಿಂದ ಬರುವ ಹಣ ಯಾರಿಗೆ ಸೇರಬೇಕು? ನಮ್ಮಲ್ಲಿ ಹೆಚ್ಚಿನವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ.

ಬೆಂಗಳೂರಿನ ಪಶ್ಚಿಮ ಭಾಗವನ್ನೇ ನೋಡಿ. ರಾಜಾಜಿನಗರದ ಕೈಗಾರಿಕಾ ಪ್ರದೇಶದಿಂದ, ಕಾಮಾಕ್ಷಿಪಾಳ್ಯದ ಸಣ್ಣ ವರ್ಕ್‌ಶಾಪುಗಳಿಂದ, ವಿಜಯನಗರದ ಅಂಗಡಿಗಳಿಂದ ಕೆಂಗೇರಿಯವರೆಗೆ ಸರಕು ಸಾಗಿಸುವುದು ಡೀಸೆಲ್ ಪಿಕಪ್‌ಗಳು. ಕೆಎ 02, ಕೆಎ 41 ಎಂಬ ನಂಬರಿನ ಈ ಗಾಡಿಗಳಲ್ಲಿ ಅನೇಕವು ಒಂದು ಇಡೀ ಕುಟುಂಬದ ಅನ್ನದ ದಾರಿ. ಹೊಸ ಗಾಡಿ ಕೊಳ್ಳಲಾರದ ಚಾಲಕನು ಹೆಂಡತಿಯ ಒಡವೆ ಅಡವಿಟ್ಟು, ಬಂಧುಗಳಿಂದ ಕೈಸಾಲ ಪಡೆದು ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕುತ್ತಾನೆ. ಆಗ ಅವನ ಕಿವಿಗೆ ಬೀಳುವ ಅತಿ ಸಿಹಿಯಾದ ಮಾತು ಒಂದೇ: "ಬರೀ 30,000 ಕಿಲೋಮೀಟರ್ ಓಡಿದೆ, ಸಾರ್!"

ಈ ಮಾತಿಗೆ ನಿಜವಾಗಿ ಎಷ್ಟು ಬೆಲೆ? ಸ್ವಲ್ಪ ಲೆಕ್ಕ ಹಾಕೋಣ. ದಿನಕ್ಕೆ 60 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಬಾಡಿಗೆಗೆ ಹೋಗುವ ಗಾಡಿ 18,000 ಕಿಲೋಮೀಟರ್ ಓಡುತ್ತದೆ. ಐದು ವರ್ಷಕ್ಕೆ 90,000. ಅಂತಹ ಗಾಡಿಯ ಮೀಟರಿನಲ್ಲಿ 30,000 ಇದ್ದರೆ ಎರಡರಲ್ಲಿ ಒಂದು ನಡೆದಿದೆ: ಗಾಡಿ ಬಹುಕಾಲ ನಿಂತಿದೆ, ಇಲ್ಲವೇ ಮೀಟರನ್ನು ಹಿಂದಕ್ಕೆ ತಿರುಗಿಸಲಾಗಿದೆ. ಸವೆದು ನುಣುಪಾದ ಕ್ಲಚ್ ಪೆಡಲಿನ ರಬ್ಬರು, ಹೊಳಪು ಬಂದ ಸ್ಟೀರಿಂಗು, ಕುಸಿದ ಚಾಲಕನ ಸೀಟು, ಸರ್ವೀಸಿನ ಹಳೆಯ ಬಿಲ್ಲುಗಳು ನಿಜವನ್ನು ಹೇಳಿಬಿಡುತ್ತವೆ.

ನಿಂತ ಗಾಡಿಯೆಂದರೆ ಹೊಸ ಗಾಡಿಯೆಂದೂ ಅಲ್ಲ. ಬ್ಯಾಟರಿ ಸಾಯುತ್ತದೆ, ರಬ್ಬರಿನ ಪೈಪುಗಳು ಬಿರುಕು ಬಿಡುತ್ತವೆ, ಟ್ಯಾಂಕಿನ ಡೀಸೆಲ್ ಕೆಡುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿರಿ. 1421 ಎಂದಿದ್ದರೆ ಅದು 2021ರ 14ನೇ ವಾರದಲ್ಲಿ ತಯಾರಾದುದು. ಗುಂಡಿಗಳು ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗಿರುತ್ತದೆ. ಇನ್ನು ಮಾಗಡಿ ರಸ್ತೆ, ಮೈಸೂರು ರಸ್ತೆಗಳ ಸಂದಣಿಯಲ್ಲಿ ತೆವಳಿದ ಗಾಡಿ ಓಡಿದ ದೂರ ಕಡಿಮೆಯಾದರೂ ಎಂಜಿನ್ ಮತ್ತು ಕ್ಲಚ್ ದುಡಿದ ಗಂಟೆಗಳು ಹೆಚ್ಚು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರಿದ್ದರೆ, ಬರೀ ಸಣ್ಣಪುಟ್ಟ ಓಡಾಟದಿಂದ ಅದು ಕಟ್ಟಿಕೊಳ್ಳುವ ಭಯವೂ ಉಂಟು. ಆದುದರಿಂದ ಇಂತಹದೇ ವಯಸ್ಸಿನ ಗಾಡಿಗಳು ಯಾವ ಬೆಲೆಗೆ ಹೋಗುತ್ತಿವೆಯೆಂದು ನಾಲ್ಕು ಕಡೆ ವಿಚಾರಿಸಿ, ಟೈರು, ಬ್ಯಾಟರಿ, ಕ್ಲಚ್, ಎಫ್‌ಸಿ, ಇನ್ಶೂರೆನ್ಸ್‌ಗಳಿಗೆ ಮುಂದೆ ತಗಲುವ ಖರ್ಚನ್ನು ಕಳೆದು, ಆ ಬಳಿಕವೇ ಕಡಿಮೆ ಓಡಿದ್ದಕ್ಕೆ ಸ್ವಲ್ಪ ಹೆಚ್ಚು ಸೇರಿಸುವುದು ನ್ಯಾಯವಾದ ಅಂದಾಜು.

ಮೌನವು ಮೋಸವೇ?

ಮೀಟರ್ ತಿರುಗಿಸುವುದು ಮೋಸವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಸುಳ್ಳನ್ನೇ ಹೇಳದೆ ಸುಮ್ಮನಿದ್ದವನ ಗತಿಯೇನು? "ಅವನು ಕೇಳಲಿಲ್ಲ, ನಾನು ಹೇಳಲಿಲ್ಲ" ಎನ್ನುವವರು ನಮ್ಮ ನಡುವೆ ಎಷ್ಟು ಮಂದಿ ಇಲ್ಲ!

ನಮ್ಮ ದೇಶದ 1872ರ ಕರಾರು ಕಾಯಿದೆಯ 17ನೇ ಕಲಮು ಇದೇ ಪ್ರಶ್ನೆಯನ್ನು ಒಂದು ಕುದುರೆಯ ಉದಾಹರಣೆಯಿಂದ ವಿವರಿಸುತ್ತದೆ. ಕುದುರೆಗೆ ದೋಷವಿದೆಯೆಂದು ಗೊತ್ತಿದ್ದೂ ಒಬ್ಬನು ಅದನ್ನು ಹರಾಜಿನಲ್ಲಿ ಮೌನವಾಗಿ ಮಾರಿದರೆ ಕಾಯಿದೆಯ ದೃಷ್ಟಿಯಲ್ಲಿ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಈಗ ತಾನೇ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯವಾಗುತ್ತದೆ. ಎಂದರೆ ನಂಬಿಕೆಯ ಸಂಬಂಧವಿರುವಲ್ಲಿ ಮೌನಕ್ಕೆ ಕಾಯಿದೆಯೂ ರಕ್ಷಣೆ ಕೊಡುವುದಿಲ್ಲ.

ಓದುಗರೇ, ಸತ್ಯವಿಶ್ವಾಸಿಗೆ ಆ ಕೊಳ್ಳುವವನು ಯಾರು? ಅಪರಿಚಿತನೇ, ಸಹೋದರನೇ? ಪ್ರವಾದಿಯವರು(ಸ) ಪೇಟೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಾಗಿತು. ಮಳೆಯಿಂದ ನೆನೆದುದೆಂದು ವ್ಯಾಪಾರಿ ಹೇಳಿದ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಅವರು ವಿಚಾರಿಸಿದರು. ಮೋಸ ಮಾಡುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಗಮನಿಸಿರಿ, ಆ ವ್ಯಾಪಾರಿ ಬಾಯಿಬಿಟ್ಟು ಸುಳ್ಳು ಹೇಳಿದ ವರದಿಯಿಲ್ಲ. ಒಣ ಕಾಳುಗಳೇ ಅವನ ಪರವಾಗಿ ಮಾತನಾಡಿದ್ದವು. ಅಪಘಾತದಲ್ಲಿ ಬಾಗಿದ ಚಾಸಿಯ ಮೇಲೆ ಹೊಸ ಬಣ್ಣ ಬಳಿಸಿ ನಿಲ್ಲಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ದೋಷವನ್ನು ಮುಚ್ಚಿಟ್ಟು ಮಾರಿದ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆಯೆಂದು ಧರ್ಮಶಾಸ್ತ್ರದ ವಿದ್ವಾಂಸರು ಹೇಳಿರುವುದು ಇದರಿಂದಲೇ.

ನಿಜ ಹೇಳುವವನಿಗೂ ನಷ್ಟ

ಈ ಮೋಸದ ಪೆಟ್ಟು ಕೊಂಡವನ ಮೇಲೆ ಮಾತ್ರ ಬೀಳುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದರು. 2001ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಅವರ ವಾದ ಸರಳ. ಒಳ್ಳೆಯದು ಯಾವುದು, ಕೆಟ್ಟದು ಯಾವುದೆಂದು ಕೊಳ್ಳುವವನಿಗೆ ತಿಳಿಯದಿದ್ದಾಗ ಅವನು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಆಗ ಒಳ್ಳೆಯ ಗಾಡಿಯವನು ಪೇಟೆಯಿಂದ ಹಿಂದೆ ಸರಿಯುತ್ತಾನೆ, ಕೆಟ್ಟವೇ ಉಳಿಯುತ್ತವೆ.

ನಿಜವಾಗಿಯೂ 30,000 ಕಿಲೋಮೀಟರ್ ಮಾತ್ರ ಓಡಿಸಿ, ಮಗುವಿನಂತೆ ನೋಡಿಕೊಂಡ ಒಬ್ಬ ಮುದುಕನು ಇಂದು ತನ್ನ ಪಿಕಪ್ ಮಾರಲು ಹೊರಟರೆ ಕೊಳ್ಳುವವನು ಮೀಟರ್ ನೋಡಿ ನಗುತ್ತಾನೆ. ಆ ನಗುವಿನ ಬೆಲೆಯನ್ನು ಮುದುಕನು ತನ್ನ ಕಿಸೆಯಿಂದ ತೆರುತ್ತಾನೆ. ಅವನ ಹಣವನ್ನು ಕದ್ದವರು ಎಂದೋ, ಎಲ್ಲೋ ಮೀಟರ್ ತಿರುಗಿಸಿದವರು. ದಾಸರ ಹಕ್ಕುಗಳ ಲೆಕ್ಕ ಕೇಳಲಾಗುವ ದಿನ, ತಾವು ಮುಖವನ್ನೂ ನೋಡಿರದ ಇಂತಹ ಎಷ್ಟು ಮಂದಿ ಅವರನ್ನು ತಡೆದು ನಿಲ್ಲಿಸಿಯಾರು!

ಕೊಳ್ಳುವವನ ಹೊಣೆ

ಇಲ್ಲಿಯವರೆಗೆ ಮಾರುವವನ ಮಾತಾಯಿತು. ತಿಳಿದಿರುವವನು ಕೊಳ್ಳುವವನಾಗಿದ್ದರೆ? ಕೆಂಗೇರಿ ಉಪನಗರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಾಡಿ ಓಡಿಸುತ್ತಿದ್ದ ಯಜಮಾನ ತೀರಿಕೊಂಡು ಒಂದು ವರ್ಷವಾಗಿದೆ. ಪಿಕಪ್ ಮನೆಯ ಮುಂದೆ ಧೂಳು ಹಿಡಿದು ನಿಂತಿದೆ. ಪೇಟೆಯಲ್ಲಿ ಐದು ಲಕ್ಷ ಬಾಳುವ ಅದಕ್ಕೆ ಆತನ ವಿಧವೆ ಮೂರು ಲಕ್ಷ ಹೇಳುತ್ತಾಳೆ. "ಅಣ್ಣಾ, ನನಗೇನೂ ಗೊತ್ತಾಗಲ್ಲ. ನೀವೇ ನೋಡಿ ಹೇಳಿ" ಎನ್ನುತ್ತಾಳೆ. ನೀವಾದರೆ ಏನು ಹೇಳುವಿರಿ?

ಪ್ರವಾದಿಯವರ(ಸ) ಸಂಗಾತಿ ಜರೀರ್ ಬಿನ್ ಅಬ್ದುಲ್ಲಾ(ರ)ರಿಗಾಗಿ ಅವರ ಸೇವಕನು ಒಂದು ಕುದುರೆಯನ್ನು ಮುನ್ನೂರು ದಿರ್ಹಮಿಗೆ ಗೊತ್ತುಮಾಡಿ, ಹಣ ಪಡೆಯಲು ಅದರ ಒಡೆಯನನ್ನು ಕರೆತಂದನು. ಕುದುರೆಯನ್ನು ನೋಡಿದ ಜರೀರ್(ರ)ರು, ಇದು ಮುನ್ನೂರಕ್ಕಿಂತ ಹೆಚ್ಚು ಬಾಳುತ್ತದೆ ಎಂದರು. ಹೀಗೆ ತಾವಾಗಿಯೇ ಏರಿಸುತ್ತಾ ಎಂಟುನೂರು ಕೊಟ್ಟು ಕೊಂಡರು. ಪ್ರತಿಯೊಬ್ಬ ಮುಸ್ಲಿಮನಿಗೂ ಒಳಿತನ್ನೇ ಬಯಸುವೆನೆಂದು ಅವರು ಪ್ರವಾದಿಯವರಿಗೆ(ಸ) ಪ್ರತಿಜ್ಞೆ ಮಾಡಿದ್ದರು.

ಹಾಗಾದರೆ ಅಗ್ಗಕ್ಕೆ ಕೊಂಡು ಲಾಭಕ್ಕೆ ಮಾರುವುದೇ ತಪ್ಪೇ? ಖಂಡಿತ ಅಲ್ಲ. ಕೆಟ್ಟ ಗಾಡಿಯನ್ನು ಕೊಂಡು, ಬಂಡವಾಳ ಹಾಕಿ, ಕೈಗೆ ಗ್ರೀಸು ಮೆತ್ತಿಕೊಂಡು ರಿಪೇರಿ ಮಾಡಿ ಮಾರುವವನ ಲಾಭ ಅವನ ಬೆವರಿನ ಫಲ. ಜರೀರ್(ರ)ರಂತೆ ಬೆಲೆ ಏರಿಸಿ ಕೊಡುವುದು ಎಲ್ಲರ ಮೇಲೂ ಕಡ್ಡಾಯವಲ್ಲ. ಅದು ನ್ಯಾಯಕ್ಕಿಂತ ಮೇಲಿನ ಮೆಟ್ಟಿಲಾದ ಇಹ್ಸಾನ್. ಆದರೆ ಪವಿತ್ರ ಕುರ್‌ಆನಿನ 16ನೇ ಅಧ್ಯಾಯದ 90ನೇ ಸೂಕ್ತವು ನ್ಯಾಯ ಮತ್ತು ಇಹ್ಸಾನ್ ಎರಡನ್ನೂ ಒಟ್ಟಿಗೇ ಆದೇಶಿಸಿದೆಯೆಂಬುದನ್ನು ಮರೆಯಬಾರದು. ಅಲ್ಲದೆ, ಆ ವಿಧವೆಯಂತೆ ಬೆಲೆಯ ತೀರ್ಮಾನವನ್ನೇ ನಿಮ್ಮ ನಂಬಿಕೆಗೆ ಬಿಟ್ಟವರ ಮುಂದೆ ನೀವು ಬರಿಯ ಗಿರಾಕಿಯಲ್ಲ; ನಿಮ್ಮ ತಿಳಿವಳಿಕೆ ಅವರ ಅಮಾನತು. ಅಲ್ಲಿ ಮೂರು ಲಕ್ಷವೇ ಸರಿಯೆಂದು ತಲೆಯಾಡಿಸಿದರೆ ಉಳಿದ ಎರಡು ಲಕ್ಷ ನೀವು ಗಳಿಸಿದ್ದಲ್ಲ, ಅನಾಥ ಮಕ್ಕಳ ತಟ್ಟೆಯಿಂದ ತೆಗೆದದ್ದು.

ಆದುದರಿಂದ ಗಾಡಿ ಮಾರುವಾಗ, ಕೊಂಡವನು ಒಂದು ತಿಂಗಳ ಬಳಿಕ ತಿಳಿದುಕೊಳ್ಳಲಿರುವುದನ್ನು ಇಂದೇ ತಿಳಿಸಿಬಿಡಿ: ಎಷ್ಟು ಓಡಿದೆ, ಎಷ್ಟು ಕಾಲ ನಿಂತಿತ್ತು, ಎಲ್ಲಿ ಗುದ್ದಿತ್ತು, ಸಾಲ ಬಾಕಿಯಿದೆಯೇ. ಕೊಳ್ಳುವಾಗ, ಮಾರುವವನ ಜಾಗದಲ್ಲಿ ನಿಮ್ಮ ಸ್ವಂತ ತಂಗಿಯನ್ನು ನಿಲ್ಲಿಸಿ ಬೆಲೆ ಹೇಳಿ. ಹಿಂದೆಂದೋ ಮುಚ್ಚಿಟ್ಟು ಮಾರಿದ್ದರೆ ಆ ವ್ಯಕ್ತಿಯನ್ನು ಹುಡುಕಿ ಅವನ ಹಕ್ಕನ್ನು ಮರಳಿಸಿ. ಬಟ್ಟೆ ವ್ಯಾಪಾರಿಯೂ ಆಗಿದ್ದ ಇಮಾಮ್ ಅಬೂ ಹನೀಫ(ರ)ರು, ತಮ್ಮ ಪಾಲುದಾರನು ದೋಷ ತಿಳಿಸಲು ಮರೆತು ಮಾರಿದ ಬಟ್ಟೆಯ ಹಣವನ್ನು ದಾನ ಮಾಡಿಬಿಟ್ಟರೆಂದು ಅವರ ಚರಿತ್ರೆಯಲ್ಲಿದೆ.

ಇದರಿಂದ ಕೈಗೆ ಬರುವ ಹಣ ಕಡಿಮೆಯಾಗಬಹುದು. ಆದರೆ ಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸಬಲ್ಲ ಮನುಷ್ಯನು ತನ್ನ ಆಯುಷ್ಯದ ಒಂದು ದಿನವನ್ನಾದರೂ ಹಿಂದಕ್ಕೆ ತಿರುಗಿಸಬಲ್ಲನೇ? ಅಲ್ಲಿಯ ದಾಖಲೆಯಲ್ಲಿ ನಾವು ಆಡಿದ ಮಾತುಗಳ ಜೊತೆಗೆ, ಆಡಬೇಕಾಗಿದ್ದೂ ಆಡದೆ ಉಳಿಸಿಕೊಂಡ ಮಾತುಗಳೂ ಇರುತ್ತವೆ. ಅವುಗಳಿಗೆ ಪಡೆದ ಬೆಲೆಯನ್ನೂ ಅಲ್ಲಿ ಒಪ್ಪಿಸಬೇಕಾಗಿದೆ. ಅಲ್ಲಾಹನು ನಮ್ಮೆಲ್ಲರ ಸಂಪಾದನೆಯನ್ನು ಶುದ್ಧಗೊಳಿಸಲಿ.