ಅಂತ್ಯಕಾಲದ ಆರೈಕೆ ಮತ್ತು ಶ್ರಾವಕನ ವಿವೇಕ

ವೈಯಾವೃತ್ತ್ಯವು ಆರು ವಿಧದ ಆಭ್ಯಂತರ ತಪಸ್ಸುಗಳಲ್ಲಿ ಒಂದು. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಗೃಹಸ್ಥನ ಶಿಕ್ಷಾವ್ರತಗಳ ಸಾಲಿನಲ್ಲಿಯೂ ಇರಿಸಿದ್ದಾರೆ. ರೋಗಿಯ, ವೃದ್ಧನ, ಬಳಲಿದವನ ಸೇವೆಯನ್ನು ಉಪವಾಸ ಧ್ಯಾನಗಳ ಜೊತೆಯಲ್ಲಿ ತಪಸ್ಸೆಂದು ಎಣಿಸಿದ ಧರ್ಮ ನಮ್ಮದು. ಆದರೆ ಆ ಸೇವೆಯನ್ನು ನಾವೇ ಮಾಡಲಾಗದೆ ಇನ್ನೊಬ್ಬರ ಕೈಗೆ ಒಪ್ಪಿಸಬೇಕಾಗಿ ಬಂದಾಗ ನಮ್ಮ ಕರ್ತವ್ಯವೇನು? ಹಣ ತೆತ್ತಲ್ಲಿಗೆ ಅದು ಮುಗಿಯಿತೇ? ಈ ಪ್ರಶ್ನೆ ಇಂದು ನಮ್ಮ ಮನೆಗಳ ಮುಂದೆಯೂ ಬಸದಿಗಳ ಆಡಳಿತ ಮಂಡಳಿಗಳ ಮುಂದೆಯೂ ಬಂದು ನಿಂತಿದೆ.

ಗುಣವಾಗದ ವ್ಯಾಧಿಯಿಂದ ಕೊನೆಯ ದಿನಗಳನ್ನು ಕಳೆಯುತ್ತಿರುವವರಿಗಾಗಿಯೇ ಮೀಸಲಾದ ಆರೈಕೆ ಕೇಂದ್ರಗಳು, ಅಂದರೆ ಹಾಸ್ಪೈಸ್‌ಗಳು, ನಮ್ಮ ದೇಶಕ್ಕೆ ಹೊಸತಾಗಿ ಬಂದವು. ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಕೇಂದ್ರವನ್ನು ತೆರೆದದ್ದು 1967ರಲ್ಲಿ. ಮುಂಬಯಿಯ ಶಾಂತಿ ಆವೇದನಾ ಸದನವು 1986ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ 1994ರಲ್ಲಿ ಒಂದು ಟ್ರಸ್ಟ್ ರೂಪುಗೊಂಡು, 1999ರಲ್ಲಿ ಕರುಣಾಶ್ರಯದ ಕಟ್ಟಡವು ಕ್ಯಾನ್ಸರ್ ರೋಗಿಗಳಿಗೆ ತೆರೆಯಿತು. ಅಲ್ಲಿಯ ಆರೈಕೆ ಉಚಿತ. ಈಚಿನ ವರ್ಷಗಳಲ್ಲಿ ಇಂತಹ ಸೇವೆಯನ್ನು ನೀಡುತ್ತೇವೆನ್ನುವ ಸಂಸ್ಥೆಗಳು ಸಣ್ಣ ಊರುಗಳಲ್ಲಿಯೂ ಕಾಣಿಸಿಕೊಂಡಿವೆ. ಮಕ್ಕಳು ದೂರದ ಊರುಗಳಲ್ಲಿದ್ದು, ಮನೆಯಲ್ಲಿ ಇಬ್ಬರೇ ವೃದ್ಧರು ಉಳಿದಿರುವ ಈ ಕಾಲದಲ್ಲಿ ಅವು ಬೇಕು. ಆದರೆ ಎಲ್ಲವೂ ಒಂದೇ ಗುಣದವಲ್ಲ.

ಸೇವೆ ಮಾಡುವವರನ್ನು ಪ್ರಶ್ನಿಸುವುದು ಅವಿನಯವೆಂಬ ಸಂಕೋಚ ನಮ್ಮಲ್ಲಿ ಅನೇಕರಿಗೆ ಇದೆ. ಈ ಸಂಕೋಚಕ್ಕೆ ಆಗಮದ ಆಧಾರವಿಲ್ಲ. ಶಿವಾರ್ಯರ ಪ್ರಾಕೃತ ಗ್ರಂಥವಾದ ಭಗವತೀ ಆರಾಧನೆಯಲ್ಲಿ, ಸಮಾಧಿಮರಣವನ್ನು ಬಯಸಿದ ಕ್ಷಪಕನು ತನ್ನ ಕೊನೆಯ ದಿನಗಳಿಗೆ ಯೋಗ್ಯನಾದ ನಿರ್ಯಾಪಕಾಚಾರ್ಯನನ್ನು ಅರಸಿಕೊಂಡು ದೂರ ದೂರದವರೆಗೆ ಹೋಗುತ್ತಾನೆ. ಹೋದಲ್ಲಿ ಬಂದವನೂ ಅಲ್ಲಿಯ ಸಂಘದವರೂ ಪರಸ್ಪರ ಪರೀಕ್ಷಿಸಿಕೊಳ್ಳುತ್ತಾರೆ. ಮಹಾವ್ರತಿಗಳೇ ಒಬ್ಬರನ್ನೊಬ್ಬರು ಪರೀಕ್ಷಿಸಬಹುದಾದರೆ, ಮಾತನಾಡಲೂ ಶಕ್ತಿಯಿಲ್ಲದ ತಾಯಿಯನ್ನು ಅಪರಿಚಿತರ ಕೈಗೆ ಒಪ್ಪಿಸುವ ಗೃಹಸ್ಥನು ಪರೀಕ್ಷಿಸದಿರುವುದು ವಿನಯವಲ್ಲ, ಪ್ರಮಾದ. ಪ್ರಮಾದದಿಂದ ಒದಗುವ ನೋವನ್ನು ಹಿಂಸೆಯೆಂದೇ ನಮ್ಮ ಆಚಾರ್ಯರು ಕರೆದಿದ್ದಾರೆ.

ಆ ಪ್ರಮಾದ ನಮ್ಮ ಮನೆಯಲ್ಲಿಯೇ ನಡೆದುದರಿಂದ ಇದನ್ನು ಬರೆಯುತ್ತಿದ್ದೇನೆ. ನಮ್ಮ ಸೋದರತ್ತೆಯವರಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದಾಗ, ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ವೈದ್ಯರು ತಿಳಿಸಿದರು. ನಾವು ಒಂದು ಆರೈಕೆ ಕೇಂದ್ರವನ್ನು ನೋಡಿ ಬಂದೆವು. ಮುಂದೆ ಹೂದೋಟವಿತ್ತು, ನೆಲ ಕನ್ನಡಿಯಂತಿತ್ತು, ಅಡಿಗೆ ಶುದ್ಧ ಸಸ್ಯಾಹಾರವೆಂದರು, ನಡುಮನೆಯಲ್ಲಿ ಪಾರ್ಶ್ವನಾಥ ಸ್ವಾಮಿಯ ಚಿತ್ರವೂ ಇತ್ತು. ನಾವು ಸಂತುಷ್ಟರಾಗಿ ಅತ್ತೆಯವರನ್ನು ಅಲ್ಲಿ ಬಿಟ್ಟೆವು. ಮೂರನೆಯ ವಾರದಲ್ಲಿ ನನ್ನ ಪತ್ನಿ ತಾನೇ ಮೈ ಒರೆಸುವೆನೆಂದು ಅವರನ್ನು ಮಗ್ಗುಲಿಗೆ ಹೊರಳಿಸಿದಾಗ ಸೊಂಟದ ಕೆಳಗೆ ಅಂಗೈಯಷ್ಟು ಅಗಲದ ಹಾಸಿಗೆಹುಣ್ಣು ಕಂಡಿತು. ವಿಚಾರಿಸಿದರೆ, ರಾತ್ರಿ ಹದಿನೆಂಟು ಹಾಸಿಗೆಗಳಿಗೆ ಒಬ್ಬಳೇ ಆಯಾ. “ನೀವು ಏಕೆ ಹೇಳಲಿಲ್ಲ ಅತ್ತೆ?” ಎಂದು ಕೇಳಿದ್ದಕ್ಕೆ, “ಪಾಪ, ಆಕೆಗೂ ಕೈತುಂಬ ಕೆಲಸ” ಎಂದರು. ನಾವು ತೋಟವನ್ನು ನೋಡಿದ್ದೆವು, ಬೆನ್ನನ್ನು ನೋಡಿರಲಿಲ್ಲ.

ಹಾಗಾದರೆ ನೋಡಬೇಕಾದುದು ಏನನ್ನು? ಭಗವತೀ ಆರಾಧನೆಯು ಕ್ಷಪಕನೊಬ್ಬನ ಸೇವೆಗೆ 48 ಮಂದಿ ನಿರ್ಯಾಪಕರನ್ನು ಹೇಳಿ, ನಾಲ್ವರು ನಾಲ್ವರಿಗೆ ಒಂದೊಂದು ಕೆಲಸವನ್ನು ಹಂಚುತ್ತದೆ. ದೇಹವನ್ನು ಎತ್ತಿ ಕೂರಿಸಿ ಹೊರಳಿಸುವವರು ನಾಲ್ವರು. ಧರ್ಮಕಥೆ ಹೇಳುವವರು ನಾಲ್ವರು. ಆಹಾರಕ್ಕೆ, ಪಾನಕ್ಕೆ, ಮಲಮೂತ್ರಗಳ ವಿಸರ್ಜನೆಗೆ, ಬಾಗಿಲು ಕಾಯುವುದಕ್ಕೆ ಬೇರೆ ಬೇರೆ ನಾಲ್ವರು. ರಾತ್ರಿ ಎಚ್ಚರವಾಗಿರುವುದಕ್ಕೆಂದೇ ನಾಲ್ವರು. ಅಷ್ಟು ಜನ ದೊರೆಯದ ಕಾಲದಲ್ಲಿ ಸಂಖ್ಯೆಯನ್ನು ಇಳಿಸುತ್ತ ಬರಬಹುದು. ಆದರೆ ಇಬ್ಬರಿಗಿಂತ ಕಡಿಮೆಯಾಗಬಾರದು. ಒಬ್ಬನೇ ಇದ್ದರೆ, ಅವನು ತನ್ನ ಆಹಾರಕ್ಕೆಂದು ಹೋದಾಗ ಕ್ಷಪಕನು ಅನಾಥನಾಗುತ್ತಾನೆ. ಹೋಗದೆ ಉಳಿದರೆ ಸೇವಕನೇ ಕುಸಿಯುತ್ತಾನೆ. ಇದು ಮುನಿಗಳ ಸಮಾಧಿಮರಣಕ್ಕೆ ಹೇಳಿದ ವಿಧಿ. ಗೃಹಸ್ಥರ ಆರೈಕೆ ಕೇಂದ್ರಕ್ಕೆ ಅಕ್ಷರಶಃ ಅನ್ವಯಿಸದು. ಆದರೂ ಅಲ್ಲಿರುವ ವಿವೇಚನೆ ಇಂದಿಗೂ ಹಳೆಯದಾಗಿಲ್ಲ. ಹದಿನೆಂಟು ಹಾಸಿಗೆಗಳ ನಡುವೆ ಒಬ್ಬಳೇ ನಿಂತಿದ್ದ ಆ ಹೆಂಗಸಿನ ಕಷ್ಟವನ್ನು ಆ ಪ್ರಾಚೀನ ಗ್ರಂಥವು ಮೊದಲೇ ಬಲ್ಲದು.

ಆದುದರಿಂದ ಮೊದಲನೆಯ ಪರೀಕ್ಷೆ ರಾತ್ರಿಯದು. ರಾತ್ರಿ ಎಷ್ಟು ಮಂದಿ ಎಚ್ಚರವಾಗಿರುತ್ತಾರೆ? ಅವರಲ್ಲಿ ತರಬೇತಿ ಪಡೆದ ನರ್ಸ್ ಇದ್ದಾರೆಯೇ? ನೋವು ಉಲ್ಬಣಿಸಿದರೆ ವೈದ್ಯರನ್ನು ಕರೆಯುವ ವ್ಯವಸ್ಥೆ ಏನು? ತಾನಾಗಿ ಹೊರಳಲಾರದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಶುಶ್ರೂಷೆಯಲ್ಲಿ ರೂಢಿಯಲ್ಲಿರುವ ನಿಯಮ. ಅದನ್ನು ಬರೆದಿಡುವ ಪುಸ್ತಕವಿದೆಯೇ? ಮುಂಚಿತವಾಗಿ ತಿಳಿಸಿ ಹೋದ ಭೇಟಿಯಲ್ಲಿ ಇವು ಕಾಣುವುದಿಲ್ಲ. ಹೊತ್ತು ಮುಳುಗಿದ ಮೇಲೆ, ತಿಳಿಸದೆ ಹೋಗಲು ಅನುಮತಿಯುಂಟೇ ಎಂದು ಕೇಳಬೇಕು. ಆ ಪ್ರಶ್ನೆಗೆ ಬರುವ ಉತ್ತರವೇ ಅರ್ಧ ಪರೀಕ್ಷೆ.

ಎರಡನೆಯದು ನೋವಿನದು. ಇಲ್ಲಿ ನಮ್ಮ ಸಮಾಜವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕಾಗಿದೆ. ಅತ್ತೆಯವರನ್ನು ಮನೆಗೆ ಕರೆತಂದ ಮೇಲೆ ವೈದ್ಯರು ಮಾರ್ಫಿನ್ ಕೊಡಬೇಕೆಂದರು. ನಮ್ಮ ಮನೆಯ ಹಿರಿಯರೊಬ್ಬರು, “ನೋವು ಕರ್ಮದ ಫಲ, ಅನುಭವಿಸಿದರೆ ನಿರ್ಜರೆಯಾಗುತ್ತದೆ, ಮತ್ತಿನ ಔಷಧ ಬೇಡ” ಎಂದು ತಡೆದರು. ನಾನು ಸುಮ್ಮನಿದ್ದೆ. ಎರಡು ರಾತ್ರಿ ಅತ್ತೆಯವರು ಸೆರಗನ್ನು ಬಾಯಲ್ಲಿ ಕಚ್ಚಿಕೊಂಡು ಕಳೆದರು. ಅವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಪರೀಷಹವನ್ನು ಜಯಿಸುವುದು ತಪಸ್ಸು, ನಿಜ. ಆದರೆ ಅದು ತಾನಾಗಿ ವಹಿಸಿಕೊಂಡಾಗ, ಸಮತೆಯಿಂದ ಸಹಿಸಿದಾಗ. ಇನ್ನೊಬ್ಬರ ಮೇಲೆ ಹೊರಿಸಿದ ನೋವು ಅವರ ತಪಸ್ಸಾಗುವುದಿಲ್ಲ. ಅದು ಹೊರಿಸಿದವನ ಹಿಂಸೆಯಾಗುತ್ತದೆ. ಅಸಹ್ಯ ವೇದನೆಯಲ್ಲಿ ಹುಟ್ಟುವುದು ಬಹುಮಟ್ಟಿಗೆ ಆರ್ತಧ್ಯಾನ, ಮತ್ತು ಆರ್ತಧ್ಯಾನವು ಬಂಧಕ್ಕೆ ಕಾರಣವೆಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಮೂರನೆಯ ದಿನ ಅತ್ತೆಯವರನ್ನೇ ಕೇಳಿದಾಗ “ಕೊಡಿ” ಎಂದರು. ಔಷಧ ಹತ್ತಿದ ಮರುದಿನ ಬೆಳಗ್ಗೆ, ಎಷ್ಟೋ ದಿನಗಳ ಮೇಲೆ, ಅವರು ತಾವೇ ಣಮೋಕಾರವನ್ನು ಪೂರ್ತಿಯಾಗಿ ಹೇಳಿದರು. ಔಷಧವು ಅವರ ಎಚ್ಚರವನ್ನು ಕಸಿಯಲಿಲ್ಲ. ನೋವು ಕಸಿದಿದ್ದುದನ್ನು ಮರಳಿ ಕೊಟ್ಟಿತು.

ಈ ಆರೈಕೆಗೆ ಕನ್ನಡದಲ್ಲಿ ಉಪಶಾಮಕ ಆರೈಕೆಯೆನ್ನುತ್ತಾರೆ. ಉಪಶಮವೆಂಬುದು ನಮ್ಮ ಸಿದ್ಧಾಂತದ ಮಾತು. ಕಲಕಿದ ನೀರಿಗೆ ಕತಕಬೀಜವನ್ನು ಹಾಕಿದಾಗ ಕೆಸರು ನಾಶವಾಗದೆ ತಳಕ್ಕಿಳಿದು ಮೇಲಿನ ನೀರು ತಿಳಿಯಾಗುವಂತೆ, ಕರ್ಮವು ಕ್ಷಯವಾಗದೆ ಕೆಲಕಾಲ ಶಾಂತವಾಗುವುದು ಉಪಶಮ. ರೋಗದ ವಿಷಯದಲ್ಲಿಯೂ ಹಾಗೆಯೇ: ರೋಗ ಅಳಿಯದಿದ್ದರೂ ಮನಸ್ಸಿಗೆ ತಿಳಿನೀರಿನಂತಹ ಕೆಲವು ದಿನಗಳು ಲಭಿಸಬಹುದು. ಬಾಯಿಯಿಂದ ಕೊಡುವ ಮಾರ್ಫಿನ್, ತಿಳಿದ ವೈದ್ಯರು ಅಳೆದು ಕೊಟ್ಟಾಗ, ಮರಣವನ್ನು ಬೇಗ ತರುವುದಿಲ್ಲ. ಮೊದಲ ದಿನಗಳ ಮಂಪರು ಸಾಮಾನ್ಯವಾಗಿ ಇಳಿಯುತ್ತದೆ. ಮಲಬದ್ಧತೆಗೆ ಜೊತೆಯಲ್ಲಿಯೇ ಔಷಧ ಕೊಡಬೇಕಾಗುತ್ತದೆ. 1985ರ ಮಾದಕ ದ್ರವ್ಯಗಳ ಕಾಯಿದೆಯಿಂದಾಗಿ ಇದು ರೋಗಿಗಳಿಗೆ ಬಹುಕಾಲ ದುರ್ಲಭವಾಗಿತ್ತು. 2014ರ ತಿದ್ದುಪಡಿಯ ಬಳಿಕ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ. ಕೇಂದ್ರಕ್ಕೆ ಆ ಮಾನ್ಯತೆ ಇದೆಯೇ, ನೋವನ್ನು ದಿನವೂ ರೋಗಿಯನ್ನೇ ಕೇಳಿ ದಾಖಲಿಸುತ್ತಾರೆಯೇ ಎಂಬುದನ್ನು ವಿಚಾರಿಸಬೇಕು. ಇವೆರಡೂ ಇಲ್ಲದ ಕಡೆ ಉಪಶಮವೆಂಬುದು ಫಲಕದ ಮೇಲಿನ ಮಾತು ಮಾತ್ರ.

ಮೂರನೆಯ ಪರೀಕ್ಷೆ ಸೂಕ್ಷ್ಮವಾದುದು. ಸಲ್ಲೇಖನೆಯ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಬದುಕಬೇಕೆಂಬ ಆಸೆಯನ್ನೂ ಬೇಗ ಸಾಯಬೇಕೆಂಬ ಆಸೆಯನ್ನೂ ಸಮನಾಗಿ ದೋಷವೆಂದು ಎಣಿಸುತ್ತದೆ. ಉಪಶಾಮಕ ಆರೈಕೆಯ ತತ್ತ್ವವೂ ಇದರ ಸಮೀಪದ್ದೇ: ಮರಣವನ್ನು ಮುಂದೂಡಲು ಹೆಣಗುವುದೂ ಇಲ್ಲ, ತ್ವರೆಗೊಳಿಸುವುದೂ ಇಲ್ಲ. ಒಳ್ಳೆಯ ಕೇಂದ್ರವು ಹಸಿವು ತಾನಾಗಿ ಅಡಗಿದ ದೇಹಕ್ಕೆ ನಳಿಕೆಯಿಂದ ಬಲವಂತವಾಗಿ ತುಂಬುವುದಿಲ್ಲ. ಕೇಳಿದವರಿಗೆ ಒಂದು ಗುಟುಕು ನೀರನ್ನು ತಡೆಯುವುದೂ ಇಲ್ಲ. ನಿಷ್ಪ್ರಯೋಜಕವಾದ ಜೀವಾಧಾರ ಚಿಕಿತ್ಸೆಯನ್ನು ಮುಂಚಿತವಾಗಿಯೇ ನಿರಾಕರಿಸುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮನ್ನಿಸಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿಯಲ್ಲಿ ಅದರ ಅನುಷ್ಠಾನಕ್ಕೆ ಸುತ್ತೋಲೆ ಹೊರಡಿಸಿತು. ರೋಗಿಯ ಇಚ್ಛೆಯನ್ನು ಬರೆಸಿಕೊಳ್ಳುವ, ಅದರಂತೆ ನಡೆಯುವ ಪದ್ಧತಿ ಕೇಂದ್ರದಲ್ಲಿದೆಯೇ ಎಂದು ಕೇಳಬೇಕು.

ಇಲ್ಲಿ ಒಂದು ಎಚ್ಚರ ಅಗತ್ಯ. ರೋಗದಿಂದ ಅನ್ನ ಸೇರದಿರುವುದು ಸಲ್ಲೇಖನೆಯಲ್ಲ. ಸಲ್ಲೇಖನೆಯು ಪೂರ್ಣ ಎಚ್ಚರದಲ್ಲಿ, ಸ್ವಂತ ಇಚ್ಛೆಯಿಂದ, ಗುರುಗಳ ಅನುಮತಿಯಿಂದ ಸ್ವೀಕರಿಸುವ ವ್ರತ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಹೆಸರು ಕೆತ್ತಿಸಿಕೊಂಡವರು ಅಂತಹ ವ್ರತಿಗಳು. 2015ರ ಆಗಸ್ಟ್ ತಿಂಗಳಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಅಪರಾಧವೆಂದಾಗ ನಾವೆಲ್ಲರೂ ನೊಂದೆವು. ಸರ್ವೋಚ್ಚ ನ್ಯಾಯಾಲಯವು ಅದೇ ತಿಂಗಳಿನಲ್ಲಿ ತಡೆಯಾಜ್ಞೆ ನೀಡಿತು. ಆದರೆ ಪ್ರಜ್ಞೆಯಿಲ್ಲದೆ ಮಲಗಿದವರ ಹೆಸರಿನಲ್ಲಿ ವ್ರತವನ್ನು ಘೋಷಿಸಿ ಮನೆತನದ ಕೀರ್ತಿಗೆ ಅದನ್ನು ಬಳಸುವವರು, ಆ ವ್ರತವನ್ನು ನ್ಯಾಯಾಲಯಕ್ಕಿಂತ ಹೆಚ್ಚಾಗಿ ಘಾಸಿಗೊಳಿಸುತ್ತಾರೆ.

ನಾಲ್ಕನೆಯದು ರೋಗಿಯ ನಿಯಮಗಳ ವಿಷಯ. ರಾತ್ರಿಭೋಜನ ತ್ಯಾಗ, ಸೋಸಿ ಕಾಯಿಸಿದ ನೀರು, ಕಂದಮೂಲಗಳ ವರ್ಜನೆ ಇವನ್ನು ಜೀವನಪರ್ಯಂತ ಪಾಲಿಸಿದವರಿಗೆ ಕೊನೆಯ ವಾರದಲ್ಲಿ ಅವು ತಪ್ಪಿದರೆ ಆಗುವ ವ್ಯಥೆ ದೇಹದ ನೋವಿಗಿಂತ ಕಡಿಮೆಯದಲ್ಲ. ಅನೇಕ ಔಷಧಗಳ ಕ್ಯಾಪ್ಸೂಲ್ ಹೊದಿಕೆಯು ಪ್ರಾಣಿಜನ್ಯವಾದ ಜೆಲಟಿನ್‌ನಿಂದ ಆದದ್ದು. ಬದಲಿಗೆ ಮಾತ್ರೆಯೋ ದ್ರವವೋ ದೊರೆಯುವುದೇ ಎಂದು ವೈದ್ಯರನ್ನು ಕೇಳಬಹುದು. ಆದರೆ ಈ ನಿಯಮಗಳು ರೋಗಿಯವೇ ಆಗಿರಬೇಕು, ನೋಡುವವರ ಪ್ರತಿಷ್ಠೆಯವಲ್ಲ. ಅಂತೆಯೇ, ಪಕ್ಕದ ಹಾಸಿಗೆಯಲ್ಲಿರುವ ಅನ್ಯಮತೀಯನಿಗೂ ಅವನ ಪ್ರಾರ್ಥನೆಗೆ ಅವಕಾಶವಿದೆಯೇ ಎಂಬುದನ್ನು ನೋಡಬೇಕು. ಅನುಕಂಪೆಯು ಜಾತಿಯನ್ನು ಕೇಳುವುದಿಲ್ಲ.

ಕೊನೆಯದಾಗಿ, ಹಣದ ಪ್ರಶ್ನೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಎರಡು ಇಂತಹ ಕೇಂದ್ರದಲ್ಲಿ ಒಟ್ಟಿಗೆ ಸೇರುತ್ತವೆ: ನೋವಿಗೆ ಔಷಧ, ಸಾವಿನ ಭಯಕ್ಕೆ ಅಭಯ. ಆದರೆ ನಮ್ಮ ಟ್ರಸ್ಟ್‌ಗಳು ದಾನ ಮಾಡುವಾಗ ಅಮೃತಶಿಲೆಯ ಫಲಕದಲ್ಲಿ ಹೆಸರು ಬರುವ ಕೊಠಡಿಯನ್ನೇ ಆಯ್ದುಕೊಳ್ಳುತ್ತವೆ. ಆಯಾಗಳ ಸಂಬಳವೆಷ್ಟು, ಒಬ್ಬಳು ಸತತವಾಗಿ ಎಷ್ಟು ತಾಸು ದುಡಿಯುತ್ತಾಳೆ, ವಾರಕ್ಕೊಂದು ರಜೆ ಇದೆಯೇ ಎಂದು ಕೇಳಿದ ಟ್ರಸ್ಟ್ ವಿರಳ. ಬಳಲಿದ ಕೈಯಿಂದ ಒಳ್ಳೆಯ ಶುಶ್ರೂಷೆ ಬರುವುದಿಲ್ಲ. ಅತ್ತೆಯವರ ಬೆನ್ನಿನ ಹುಣ್ಣಿಗೆ ಆ ಆಯಾ ಕಾರಣಳಲ್ಲ. ಅವಳೊಬ್ಬಳನ್ನೇ ನಿಲ್ಲಿಸಿದ ಲೆಕ್ಕಾಚಾರ ಕಾರಣ, ಮತ್ತು ಆ ಲೆಕ್ಕವನ್ನು ಕೇಳದ ನಾವು ಕಾರಣರು. ಒಂದು ಬಸದಿಯ ಟ್ರಸ್ಟ್ ಕೊಠಡಿಯನ್ನು ಕಟ್ಟಿಸುವ ಬದಲು ರಾತ್ರಿಪಾಳಿಯ ಎರಡನೆಯ ಸೇವಕಿಯ ಸಂಬಳಕ್ಕೆ ಶಾಶ್ವತ ನಿಧಿಯನ್ನಿಟ್ಟರೆ ಫಲಕದಲ್ಲಿ ಹೆಸರು ಬರಲಿಕ್ಕಿಲ್ಲ. ಆದರೆ ಹೊರಳಲಾರದ ಯಾರೋ ಒಬ್ಬರನ್ನು ನಡುರಾತ್ರಿಯಲ್ಲಿ ಹೊರಳಿಸಲು ಎರಡು ಕೈಗಳು ಹೆಚ್ಚಾಗಿ ಇರುತ್ತವೆ.

ಪರೀಕ್ಷೆಯು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ತಿಂಗಳಿಗೊಮ್ಮೆ ಟ್ರಸ್ಟ್‌ನ ಇಬ್ಬರು, ಅವರಲ್ಲಿ ಒಬ್ಬರಾದರೂ ಶ್ರಾವಿಕೆ, ಹೋಗಿ ಕುಳಿತು ರೋಗಿಗಳೊಡನೆ ಮಾತನಾಡಿ ಬರಲಿ. ದೋಷ ಕಂಡರೆ ನಿಂದಿಸದೆ ತಿಳಿಸಲಿ, ತಿದ್ದಲು ನೆರವಾಗಲಿ. ತಿದ್ದದಿದ್ದರೆ ನಮ್ಮ ಹಿರಿಯರನ್ನು ಅಲ್ಲಿಗೆ ಕಳುಹಿಸದಿರಲಿ. ಸೇವೆಯನ್ನು ಅನ್ಯರಿಗೆ ಒಪ್ಪಿಸಬಹುದು. ಸೇವೆಯ ಹೊಣೆಯನ್ನು ಒಪ್ಪಿಸಲಾಗದು. ಆರೈಕೆ ಕೇಂದ್ರದ ಗುಣವನ್ನು ವಿಚಾರಿಸುವುದು, ವಿಚಾರಿಸುತ್ತಲೇ ಇರುವುದು, ದೂರವಿದ್ದವರಿಗೆ ಉಳಿದಿರುವ ವೈಯಾವೃತ್ತ್ಯ.

ಅತ್ತೆಯವರು ಮನೆಯಲ್ಲಿಯೇ, ಹಿಡಿದ ಕೈಯನ್ನು ಬಿಡದೆ, ನೋವಿಲ್ಲದೆ ತೀರಿಕೊಂಡರು. ಬೆನ್ನಿನ ಹುಣ್ಣು ಮಾತ್ರ ಕೊನೆಯವರೆಗೂ ಮಾಯಲಿಲ್ಲ.