ತಕ್ಕಡಿಗೆ ಸಿಗದ ಗೆಲುವು

‘ಜಿನ’ ಎಂಬ ಶಬ್ದಕ್ಕೆ ಗೆದ್ದವನು ಎಂದು ಅರ್ಥ. ಗೆದ್ದವನ ಮಾರ್ಗವನ್ನು ನಂಬಿ ನಡೆಯುವವರು ನಾವು. ಆದುದರಿಂದ ಗೆಲುವು ಯಾವುದು, ಅದನ್ನು ಅಳೆಯುವ ಮಾನ ಯಾವುದು ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಆದರೂ ಕಳೆದ ದಶಲಕ್ಷಣ ಪರ್ವ ಮುಗಿದ ಮಾರನೆಯ ದಿನ ಈ ಪ್ರಶ್ನೆ ನಾನು ಎಣಿಸದಿದ್ದ ರೂಪದಲ್ಲಿ ನನ್ನ ಮನೆಯ ಪಡಸಾಲೆಗೇ ಬಂದು ಕುಳಿತಿತು.

ಬಂದವಳು ನನ್ನ ತಂಗಿಯ ಮಗಳು. ಬನಶಂಕರಿಯಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ, ವಯಸ್ಸು ನಲವತ್ತು ದಾಟಿದೆ. ಹದಿನೈದು ವರ್ಷ ಅತಿಸ್ಥೂಲತೆಯಿಂದ ಬಳಲಿದವಳು. ಸಕ್ಕರೆ ಕಾಯಿಲೆ, ಮಂಡಿನೋವು, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಒಂದರ ಹಿಂದೆ ಒಂದು ಬಂದಿದ್ದವು. ಪಥ್ಯ ಮಾಡಿದಳು, ಲಾಲ್‌ಬಾಗಿನಲ್ಲಿ ನಡೆದಳು, ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ ಮಾಡಿದಳು. ಇಳಿದ ತೂಕವೆಲ್ಲ ಮರಳಿ ಬಂದಿತು. ಕಡೆಗೆ ವೈದ್ಯರ ಸಲಹೆಯಂತೆ ಎರಡು ವರ್ಷಗಳ ಹಿಂದೆ ಜಠರವನ್ನು ಕಿರಿದು ಮಾಡುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ಪರ್ವದ ಕೊನೆಗೆ ಉಪವಾಸ ಮಾಡಿದವರನ್ನು ಗೌರವಿಸುವ ಸಭೆಯಲ್ಲಿ ಯಾರೋ ಹಿರಿಯಾಕೆ, “ನಿನಗೇನಮ್ಮ, ಹೊಟ್ಟೆಯನ್ನೇ ಕೊಯ್ಯಿಸಿಕೊಂಡಿದ್ದೀಯ, ನಿನಗೆ ದಿನವೂ ಉಪವಾಸವೇ” ಎಂದರಂತೆ. ಸುತ್ತಲಿದ್ದವರು ನಕ್ಕರು. ಇವಳೂ ನಕ್ಕಳು. ಮರುದಿನ ನಮ್ಮ ಜಯನಗರದ ಮನೆಗೆ ಬಂದು ಕೇಳಿದಳು: “ಮಾವ, ನಾನು ಈಗ ಕಡಮೆ ಉಣ್ಣುತ್ತಿರುವುದು ತಪವೋ, ಬರಿಯ ಶಿಕ್ಷೆಯೋ? ಡಾಕ್ಟರ ಕತ್ತಿ ಮಾಡಿದ್ದನ್ನು ನನ್ನ ಗೆಲುವು ಎಂದುಕೊಳ್ಳಬಹುದೇ?”

ನಾನು ಆಗ ಉತ್ತರ ಕೊಡಲಿಲ್ಲ; ಕೊಡಲು ನನ್ನಲ್ಲಿರಲಿಲ್ಲ. ಬಳಿಕ ಗ್ರಂಥಗಳನ್ನು ತೆರೆದು, ಆಕೆಯ ಮಾತನ್ನೂ ಕೇಳಿ, ನನಗೆ ತಿಳಿದಷ್ಟನ್ನು ಧರ್ಮಬಂಧುಗಳ ಮುಂದಿಡುತ್ತಿದ್ದೇನೆ.

ಮೊದಲು ಚಿಕಿತ್ಸೆಯ ವಿಚಾರ. ಇದರಲ್ಲಿ ಎರಡು ಕ್ರಮಗಳು ಹೆಚ್ಚು ಬಳಕೆಯಲ್ಲಿವೆ. ‘ಸ್ಲೀವ್’ ಎಂಬ ಕ್ರಮದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು, ಉಳಿದುದನ್ನು ಬಾಳೆಕಾಯಿಯಷ್ಟು ಕಿರಿದಾದ ನಾಳವಾಗಿ ಉಳಿಸುತ್ತಾರೆ. ‘ಬೈಪಾಸ್’ ಕ್ರಮದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲವೊಂದನ್ನು ಮಾಡಿ, ಅದನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಹಸಿವನ್ನು ಪ್ರೇರಿಸುವ ‘ಗ್ರೆಲಿನ್’ ಎಂಬ ದ್ರವ್ಯವನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಅದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ಕ್ರಮದಲ್ಲಿ ಆ ಭಾಗವೇ ಹೋಗುವುದರಿಂದ ಹಸಿವೂ ಕುಗ್ಗುತ್ತದೆ. ಇದು ಅಂದಕ್ಕಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಯಲ್ಲ, ಅಪಾಯವಿಲ್ಲದ ಚಿಕಿತ್ಸೆಯೂ ಅಲ್ಲ. ಸ್ಥೂಲತೆಯನ್ನು ವೈದ್ಯಶಾಸ್ತ್ರವು ಇಂದು ರೋಗವೆಂದೇ ಎಣಿಸುತ್ತದೆ.

ರೋಗವೆಂಬ ಈ ಮಾತನ್ನು ಒಪ್ಪಲು ನಮ್ಮಲ್ಲಿ ಕೆಲವರಿಗೆ ಮನಸ್ಸಿಲ್ಲ. “ಬಾಯಿ ಕಟ್ಟಲಾರದವರಿಗೆ ಕತ್ತಿ” ಎನ್ನುತ್ತಾರೆ. ಅಂಥವರು ಸಮಂತಭದ್ರಾಚಾರ್ಯರ ವೃತ್ತಾಂತವನ್ನು ನೆನೆಯಬೇಕು. ಶ್ರಾವಕರಿಗೆ ರತ್ನಕರಂಡಕವನ್ನು ಕೊಟ್ಟ ಆ ಮಹಾತ್ಮರಿಗೆ ಭಸ್ಮಕವ್ಯಾಧಿ ಬಂದಿತೆಂದು ಪರಂಪರೆ ಹೇಳುತ್ತದೆ. ಎಷ್ಟು ಉಂಡರೂ ಬೂದಿಯಾಗಿ, ಹಸಿವು ಆರದ ರೋಗವದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಅವರು ಭಸ್ಮಕವನ್ನು ಗೆದ್ದ ಉಲ್ಲೇಖವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದೇವಚಂದ್ರನು ರಚಿಸಿದ ‘ರಾಜಾವಳಿ ಕಥೆ’ಯಲ್ಲಿ ಈ ಕಥೆ ವಿಸ್ತಾರವಾಗಿ ಬಂದಿದೆ. ದಿನಕ್ಕೊಮ್ಮೆ ಕರಪಾತ್ರದಲ್ಲಿ ಉಣ್ಣುವ ಮುನಿಗೆ ಇಂಥ ರೋಗ ಬಂದರೆ ಗತಿಯೇನು? ಅವರು ಸಲ್ಲೇಖನಕ್ಕೆ ಗುರುಗಳ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ದೀಕ್ಷೆಯನ್ನು ಬಿಟ್ಟು, ರೋಗವನ್ನು ಕಳೆದುಕೊಂಡು, ಮರಳಿ ದೀಕ್ಷೆ ಹೊಂದುವಂತೆ ಆಜ್ಞಾಪಿಸಿದರು. ಸಮಂತಭದ್ರರು ಹಾಗೆಯೇ ಮಾಡಿದರು. ದೇವಾಲಯವೊಂದರ ಅಪಾರ ನೈವೇದ್ಯವನ್ನು ದಿನದಿನವೂ ಉಂಡು ರೋಗ ಶಮನವಾದ ಮೇಲೆ ಮತ್ತೆ ಮುನಿಯಾದರು.

ಇಲ್ಲಿ ಗುರುಗಳ ನಡೆಯನ್ನು ಗಮನಿಸಿರಿ. ನಿನ್ನ ವೈರಾಗ್ಯ ಸಾಲದು ಎಂದು ಅವರು ಶಿಷ್ಯನನ್ನು ಜರೆಯಲಿಲ್ಲ. ವ್ರತದ ಶಿಥಿಲತೆ ಬೇರೆ, ವ್ಯಾಧಿ ಬೇರೆ ಎಂಬುದು ಅವರಿಗೆ ತಿಳಿದಿತ್ತು. ಹಸಿವಿನ ವೇದನೆ ವೇದನೀಯ ಕರ್ಮದಿಂದ ಹುಟ್ಟುವ ಪರೀಷಹ. ರುಚಿಯ ಮೇಲಿನ ಲೋಲುಪತೆ ಮೋಹನೀಯದ ಕಾರ್ಯ. ಇವೆರಡನ್ನೂ ಒಂದೇ ಎಂದು ತಿಳಿದಾಗಲೇ ನಾವು ರೋಗಿಯನ್ನು ಪಾಪಿಯೆಂದು ಕರೆಯುವುದು.

ಇನ್ನು ಅವಳ ಪ್ರಶ್ನೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದ ಆರು ಬಾಹ್ಯ ತಪಗಳಲ್ಲಿ ಅನಶನದ ಬಳಿಕ ಬರುವುದು ಅವಮೌದರ್ಯ, ಅಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಮೆ ಉಣ್ಣುವುದು. ಪುರುಷನ ಪೂರ್ಣಾಹಾರ 32 ಕವಳ, ಸ್ತ್ರೀಯದು 28 ಕವಳ ಎಂದು ನಮ್ಮ ಆಚಾರಗ್ರಂಥಗಳ ಲೆಕ್ಕ. ಅದರಲ್ಲಿ ಒಂದೇ ಒಂದು ಕವಳವನ್ನು ಬಿಟ್ಟರೂ ಅದು ಅವಮೌದರ್ಯವೇ. ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಅಕಾಮ ನಿರ್ಜರೆಯ ಮಾತು ಬರುತ್ತದೆ. ಸೆರೆಮನೆಯಲ್ಲಿ ಬಂಧಿತನಾದವನು ತನ್ನ ಇಚ್ಛೆಯಿಲ್ಲದೆಯೇ ಹಸಿವು ನೀರಡಿಕೆಗಳನ್ನು ಸಹಿಸುವುದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ನಿದರ್ಶನವಾಗಿ ಕೊಟ್ಟಿದ್ದಾರೆ. ಅದರಿಂದಲೂ ಕರ್ಮ ಸ್ವಲ್ಪ ಉದುರುವುದುಂಟು; ಆದರೆ ಅದು ಮೋಕ್ಷಮಾರ್ಗದ ತಪವಲ್ಲ.

ಹಾಗಾದರೆ ಐದು ಕವಳಕ್ಕೆ ಹೊಟ್ಟೆ ತುಂಬಿ, ಆರನೆಯದನ್ನು ನುಂಗಿದರೆ ವಾಂತಿಯಾಗುವ ಸ್ಥಿತಿಯಲ್ಲಿರುವವಳು ಐದಕ್ಕೆ ನಿಲ್ಲಿಸಿದರೆ ಅದು ತಪವೇ? ಅಲ್ಲ. ಸೆರೆಯಾಳಿನ ಹಸಿವಿನ ಜಾತಿಗೆ ಸೇರಿದ್ದು ಅದು. ಇದನ್ನು ನಾನು ಅವಳಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳ ಮುಖ ಬಾಡಿತು. “ಆದರೆ ನಿನ್ನ ಮಾತು ಇನ್ನೂ ಮುಗಿದಿಲ್ಲ, ಮುಂದೇನಾಯಿತು ಹೇಳು” ಎಂದೆ.

ಆಕೆ ಹೇಳಿದ್ದು ಇದು. ಮೊದಲ ವರ್ಷ ತೂಕ ತಾನಾಗಿ ಇಳಿಯಿತು. ಪ್ರತಿ ಸೋಮವಾರ ಯಂತ್ರದ ಮೇಲೆ ನಿಂತು, ಅಂಕೆಯನ್ನು ಪುಸ್ತಕದಲ್ಲಿ ಬರೆದು, ಗೆದ್ದೆನೆಂದು ಬೀಗುತ್ತಿದ್ದಳು. ಹದಿನಾಲ್ಕನೆಯ ತಿಂಗಳಲ್ಲಿ ಅಂಕೆ ನಿಂತಿತು. ಹಸಿವು ಮೆಲ್ಲನೆ ಮರಳಿತು. ಆರನೆಯ ಕವಳವೂ ಏಳನೆಯದೂ ಒಳಗೆ ಇಳಿಯತೊಡಗಿದವು. ಅನ್ನ, ಚಪಾತಿ ತಡೆಯುವ ಜಠರ ಐಸ್‌ಕ್ರೀಮನ್ನೂ ಪಾಯಸವನ್ನೂ ತಡೆಯುವುದಿಲ್ಲ ಎಂಬುದೂ ತಿಳಿಯಿತು. ಅಂಕೆ ಒಂದೆರಡು ಮೇಲೇರಿದ ವಾರಗಳಲ್ಲಿ ಅವಳಿಗೆ ನಿದ್ರೆಯಿರಲಿಲ್ಲ.

ಇದು ಅವಳೊಬ್ಬಳ ಅನುಭವವಲ್ಲ. ಮೊದಲ ಒಂದೆರಡು ವರ್ಷಗಳ ನಂತರ ಇಳಿಕೆ ನಿಲ್ಲುವುದೂ, ಅನೇಕರಲ್ಲಿ ಸ್ವಲ್ಪ ತೂಕ ಮರಳುವುದೂ ವೈದ್ಯರು ಬಲ್ಲ ವಿಷಯವೇ. ಕತ್ತಿಗೆ ಜಠರ ಎಟುಕುತ್ತದೆ, ಮೋಹನೀಯ ಎಟುಕುವುದಿಲ್ಲ. ಸೆರೆಮನೆಯ ಬಾಗಿಲು ತೆರೆದ ಆ ದಿನದಿಂದಲೇ ಅವಳ ತಪ ಮೊದಲಾಯಿತೆಂದು ನನ್ನ ಅಭಿಪ್ರಾಯ. ಆರನೆಯ ಕವಳ ಸಾಧ್ಯವಿದ್ದಾಗ ಐದಕ್ಕೆ ಕೈ ತೊಳೆದರೆ ಅದು ಅವಮೌದರ್ಯ. ಪಾಯಸ ಇಳಿಯುವುದೆಂದು ತಿಳಿದೂ ಬಿಟ್ಟರೆ ಅದು ರಸಪರಿತ್ಯಾಗ. ತಕ್ಕಡಿ ಯಾವ ದಿನ ಅವಳನ್ನು ಹೊಗಳುವುದನ್ನು ನಿಲ್ಲಿಸಿತೋ ಆ ದಿನವೇ ಅವಳ ಸ್ವಂತ ಗೆಲುವಿಗೆ ಅವಕಾಶವಾಯಿತು.

ಆ ಪುಸ್ತಕವನ್ನು ತೋರಿಸೆಂದೆ. ಅಂಕೆ ನಿಂತ ಮೇಲಿನ ಪುಟಗಳಲ್ಲಿ ಬೇರೆ ಮಾತುಗಳಿದ್ದವು. ಬಸದಿಯಲ್ಲಿ ಕುರ್ಚಿ ಬೇಡದೆ ನೆಲದ ಮೇಲೆ ಕುಳಿತು ಸಾಮಾಯಿಕ ಮಾಡಿದ್ದು. ಪಂಚಾಂಗ ನಮಸ್ಕಾರ ಮಾಡಿ, ಯಾರ ಕೈಯನ್ನೂ ಹಿಡಿಯದೆ ಎದ್ದದ್ದು. ಇಪ್ಪತ್ತೇಳು ಉಸಿರುಗಳ ಕಾಯೋತ್ಸರ್ಗದಲ್ಲಿ ಮಂಡಿಯ ನೋವು ನೆನಪಿಗೆ ಬಾರದೆ ಣಮೋಕಾರ ಒಂಬತ್ತು ಸಲ ಪೂರ್ಣವಾದದ್ದು. ರಾತ್ರಿ ಮೂಗಿಗೆ ಕಟ್ಟುತ್ತಿದ್ದ ಉಸಿರಿನ ಯಂತ್ರವನ್ನು ವೈದ್ಯರು ಬಿಡಿಸಿದ್ದು. ಜಯನಗರದ ಮೆಟ್ರೋ ನಿಲ್ದಾಣದಲ್ಲಿ ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದ್ದು. ಮಕ್ಕಳ ಮೇಲೆ ರೇಗುವುದು ಕಡಮೆಯಾದದ್ದು. ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕದ ಕಾಲದಲ್ಲಿ ಕೆಳಗೇ ಕುಳಿತು ಕೈ ಮುಗಿದು ಬಂದವಳು, ಈ ಸಲ ವಿಂಧ್ಯಗಿರಿಯ ಆರು ನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಿ ಗೊಮ್ಮಟಸ್ವಾಮಿಯ ಪಾದದ ಬಳಿ ನಿಂತದ್ದು.

ಕೊನೆಯ ಪುಟದಲ್ಲಿ ಒಂದೇ ಸಾಲಿತ್ತು. ಚಾತುರ್ಮಾಸದಲ್ಲಿ ನಗರಕ್ಕೆ ಬಂದ ಮುನಿಗಳಿಗೆ ಆಹಾರದಾನ ಮಾಡುವಾಗ ತಾನೇ ಬಗ್ಗಿ ಅವರ ಪಾದಪ್ರಕ್ಷಾಲನ ಮಾಡಿದೆನೆಂದು ಬರೆದಿದ್ದಳು. ಹದಿನೈದು ವರ್ಷ ಅವಳು ಹಿಂದೆ ನಿಂತು ನೀರಿನ ಕಲಶವನ್ನು ಬೇರೆಯವರ ಕೈಗೆ ಕೊಡುತ್ತಿದ್ದುದನ್ನು ನಾನು ನೋಡಿದ್ದೆ. ಏಕೆಂದು ಒಂದು ದಿನವೂ ಕೇಳಿರಲಿಲ್ಲ.

ಈ ಸಾಲನ್ನು ಓದಿದಾಗ ನನಗೆ ನನ್ನದೇ ಲೆಕ್ಕದ ಪುಸ್ತಕ ನೆನಪಾಯಿತು. ನಾನೂ ಮೂವತ್ತು ವರ್ಷಗಳಿಂದ ನನ್ನ ಉಪವಾಸಗಳನ್ನು ಒಂದು ದಿನಚರಿಯಲ್ಲಿ ಬರೆದಿಡುತ್ತ ಬಂದವನು. ಸಂಖ್ಯೆ ದೊಡ್ಡದೇ ಇದೆ. ಆದರೆ ಪಾರಣೆಯ ದಿನ ಹೋಳಿಗೆಗೆ ತುಪ್ಪ ಸಾಲದೆಂದು ಮನೆಯವರ ಮೇಲೆ ಸಿಡುಕಿದ್ದು ಆ ದಿನಚರಿಯಲ್ಲಿಲ್ಲ. ಅವಳ ಕಿಲೋಗ್ರಾಂಗಳಿಗೂ ನನ್ನ ಉಪವಾಸದ ಸಂಖ್ಯೆಗೂ ವ್ಯತ್ಯಾಸವೇನು? ಎರಡೂ ತಕ್ಕಡಿಯೇ. ಸಮಂತಭದ್ರರು ರತ್ನಕರಂಡಕದಲ್ಲಿ ಎಣಿಸಿದ ಎಂಟು ಮದಗಳಲ್ಲಿ ತಪದ ಮದವೂ ಉಂಟು, ಶರೀರದ ಮದವೂ ಉಂಟು. ತೆಳ್ಳಗಾದೆನೆಂದು ಕನ್ನಡಿಯ ಮುಂದೆ ಬೀಗಿದರೆ ಒಂದು. ಉಪವಾಸ ಮಾಡಿದೆನೆಂದು ಸಭೆಯಲ್ಲಿ ಇನ್ನೊಬ್ಬಳನ್ನು ನೋಡಿ ನಕ್ಕರೆ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಹಗುರವೆಂದು ಯಾವ ಆಚಾರ್ಯರೂ ಹೇಳಿಲ್ಲ.

ಈ ಚಿಕಿತ್ಸೆ ಮಾಡಿಸಿಕೊಂಡವರು ನಮ್ಮ ಮನೆಗಳಲ್ಲಿ ಈಗ ಅಲ್ಲಲ್ಲಿ ಇರುವುದರಿಂದ ವ್ರತದ ವಿಷಯವಾಗಿ ಕೆಲವು ಮಾತು ಹೇಳುವುದು ಉಚಿತ. ಅವರು ಒಂದೇ ಸಲಕ್ಕೆ ಹೆಚ್ಚು ಉಣ್ಣಲಾರರು, ಹೆಚ್ಚು ನೀರನ್ನೂ ಕುಡಿಯಲಾರರು. ಊಟದ ಜೊತೆಗೆ ನೀರು ಕುಡಿಯಬಾರದೆಂಬ ನಿಯಮವೂ ಇದೆ. ಆದುದರಿಂದ ದಿನವಿಡೀ ಗುಟುಕು ಗುಟುಕಾಗಿ ನೀರು, ಹಲವು ಸಲ ಅಲ್ಪಾಹಾರ ಅವರಿಗೆ ಆವಶ್ಯಕ. ನಿರ್ಜಲ ಉಪವಾಸ, ಏಕಾಶನಗಳನ್ನು ವೈದ್ಯರನ್ನು ಕೇಳದೆ ಹಿಡಿಯಬಾರದು. ಹಿರಿಯರು ಹಿಡಿಯಿರೆಂದು ಒತ್ತಾಯಿಸಲೂ ಬಾರದು. ಸೂರ್ಯಾಸ್ತದೊಳಗೆ ಊಟ ಮುಗಿಸುವ, ಕಾಯಿಸಿದ ನೀರನ್ನೇ ಕುಡಿಯುವ, ಕಂದಮೂಲ ಬಿಡುವ ನಿಯಮಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೂ ಪಥ್ಯ ಹೇಳುವವರಿಗೂ ತಿಳಿಸಿದರೆ ಹಗಲಿನ ವೇಳೆಗೇ ಆಹಾರವನ್ನು ಹೊಂದಿಸಲು ಸಾಧ್ಯ. ಹೆಸರುಬೇಳೆ, ಕಡಲೆ, ಹಾಲು, ಪನೀರುಗಳಿಂದ ಬೇಕಾದ ಪ್ರೋಟೀನಿನ ಬಹುಭಾಗ ದೊರೆಯುತ್ತದೆ. ದ್ವಿದಳದ ದೋಷ ಬಾರದಂತೆ ಬೇಳೆಯನ್ನೂ ಮೊಸರನ್ನೂ ಬೇರೆಬೇರೆ ವೇಳೆಗೆ ಇರಿಸಿಕೊಳ್ಳಬಹುದು. ಬಿ-12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ತ್ವಗಳನ್ನು ಬಾಳಿನುದ್ದಕ್ಕೂ ಸೇವಿಸಬೇಕಾಗುತ್ತದೆ. ಕ್ಯಾಪ್ಸೂಲಿನ ಹೊರಕವಚ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ನಿನದು. ಮಾತ್ರೆಯ ರೂಪದಲ್ಲಿ ಅಥವಾ ಸಸ್ಯಜನ್ಯ ಕವಚದಲ್ಲಿ ಸಿಗುವುದನ್ನು ಕೇಳಿ ಪಡೆಯಬೇಕೇ ಹೊರತು ಔಷಧವನ್ನೇ ಬಿಡಬಾರದು. ಪರ್ವದ ದಿನ ಇಂಥವರಿಗೆ ಒಂದು ರಸದ ತ್ಯಾಗ, ಸ್ವಾಧ್ಯಾಯ, ಮೌನ, ವೈಯಾವೃತ್ಯ ಇವೆಲ್ಲ ತೆರೆದೇ ಇವೆ. ಅಭ್ಯಂತರ ತಪಗಳಿಗೆ ಜಠರದ ಅಳತೆ ಅಡ್ಡಬರುವುದಿಲ್ಲ.

ಕಡೆಗೆ ನಾನು ಅವಳಿಗೆ ಕೊಟ್ಟ ಉತ್ತರ ಇಷ್ಟು: “ಕತ್ತಿ ಮಾಡಿದ್ದು ಕತ್ತಿಯದು, ಅದಕ್ಕಾಗಿ ವೈದ್ಯರಿಗೆ ಋಣಿಯಾಗಿರು. ಬಾಗಿಲು ತೆರೆದ ಮೇಲೆಯೂ ನೀನು ಒಳಗೆ ನಿಂತೆಯಲ್ಲ, ಅಷ್ಟು ಮಾತ್ರ ನಿನ್ನದು. ಅದು ಚಿಕ್ಕದಲ್ಲ.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಈ ಸೋಮವಾರ ತೂಕ ನೋಡುವುದಿಲ್ಲ, ಮಾವ” ಎಂದಳು. ನಾನೂ ನನ್ನ ದಿನಚರಿಯಲ್ಲಿ ಉಪವಾಸದ ಸಂಖ್ಯೆ ಬರೆಯುವುದನ್ನು ನಿಲ್ಲಿಸಿದ್ದೇನೆ.

ಮುಂದಿನ ದಶಲಕ್ಷಣದಲ್ಲಿ ನಮ್ಮ ಸಭೆಗಳಲ್ಲಿ ಉಪವಾಸ ಮಾಡಿದವರನ್ನು ಅವಶ್ಯವಾಗಿ ಗೌರವಿಸೋಣ. ಅದೇ ದಿನ ಯಾರಾದರೊಬ್ಬರು ಗೋಡೆಯನ್ನು ಹಿಡಿಯದೆ ನೆಲದಿಂದ ಎದ್ದರೆ ಅದನ್ನೂ ನೋಡುವ ಕಣ್ಣು ನಮಗಿರಲಿ. ಉತ್ತಮ ಕ್ಷಮೆಯಿಂದ ಮೊದಲಾಗುವ ಪರ್ವದಲ್ಲಿ ಇನ್ನೊಬ್ಬರ ದೇಹವನ್ನು ಕುರಿತ ನಗೆ ನಮ್ಮ ಬಾಯಿಂದ ಬಾರದಿರಲಿ. ಎಲ್ಲರಿಗೂ ಭದ್ರವಾಗಲಿ.