ಮನೆಗೆ ಸ್ವಾಮಿ ಯಾರು?

ಜ್ಯೇಷ್ಠ ಶುದ್ಧ ಚತುರ್ದಶಿಯಂದು ಶ್ರೀಪಾದರಾಜರ ಆರಾಧನೆಗಾಗಿ ಕೋಲಾರ, ಮಾಲೂರು, ಶ್ರೀನಿವಾಸಪುರಗಳಿಂದ ಮುಳಬಾಗಿಲಿನ ನರಸಿಂಹತೀರ್ಥಕ್ಕೆ ಬರುವ ಆಸ್ತಿಕರಲ್ಲಿ ವಯೋವೃದ್ಧರು ಅನೇಕರು. ಉತ್ಸವಾನಂತರ ಅವರೆಲ್ಲರಿಗೂ ನಿಶ್ಚಿಂತೆಯಿಂದ ಮರಳಲು ಮನೆಯುಂಟೇ ಎಂಬುದನ್ನು ನಾವು ವಿಚಾರ ಮಾಡಬೇಕಾಗಿದೆ.

ಮಗನಿಗೆ ಮನೆಯನ್ನು ದಾನಪತ್ರ ಬರೆದುಕೊಟ್ಟ ತಂದೆಯು ಆ ಮನೆಯಲ್ಲಿಯೇ ಅತಿಥಿಯಾಗಿಬಿಡುವುದುಂಟು. ಪೋಷಣೆಯ ಷರತ್ತಿನೊಡನೆ ಕೊಟ್ಟ ಆಸ್ತಿಯನ್ನು ಪಡೆದವನು ಆ ಷರತ್ತನ್ನು ಮೀರಿದಲ್ಲಿ, ನ್ಯಾಯಮಂಡಳಿಯು ಅಂತಹ ವರ್ಗಾವಣೆಯನ್ನು ರದ್ದುಪಡಿಸಬಹುದೆಂದು 2007ರ ಹಿರಿಯ ನಾಗರಿಕರ ಪೋಷಣೆಯ ಕಾನೂನಿನ 23ನೆಯ ಪ್ರಕರಣವು ವಿಧಿಸಿದೆ. ಆದುದರಿಂದ ಷರತ್ತನ್ನು ಪತ್ರದಲ್ಲಿಯೇ ಬರೆಯಿಸುವುದು ವಿವೇಕ.

ಹಾಗೆ ಬರೆಯಿಸಿದರೆ ಅದು ದಾನವೆನಿಸೀತೇ ಎಂದು ಕೆಲವರು ಶಂಕಿಸುವರು. ಶ್ರೀಮದಾಚಾರ್ಯರ ಸಿದ್ಧಾಂತದಂತೆ ಸ್ವತಂತ್ರನು ಶ್ರೀಹರಿಯೊಬ್ಬನೇ. ತಂದೆಯೂ ಮಗನೂ ಅಸ್ವತಂತ್ರರು. ಮನೆಯೆಂಬುದು ಸ್ವಾಮಿಯ ಸೊತ್ತು. ತಂದೆಯು ಮಗನಿಗೆ ಒಪ್ಪಿಸುವುದು ಅದರ ಪಾರುಪತ್ಯವನ್ನು ಮಾತ್ರ. ಪಾರುಪತ್ಯದೊಡನೆ ಅದರ ಕರ್ತವ್ಯವೂ ಬರುತ್ತದೆ. ದೇವಾಲಯದ ಪಾರುಪತ್ತೇದಾರನು ನಿತ್ಯಪೂಜೆಯನ್ನು ನಿಲ್ಲಿಸಿ ಉಗ್ರಾಣದ ಬೀಗದ ಕೈಯನ್ನು ಮಾತ್ರ ಇಟ್ಟುಕೊಳ್ಳಬಹುದೇ?

ಮಕ್ಕಳಿಲ್ಲದವರ, ಬಾಡಿಗೆ ತೆರಲಾರದವರ ವಿಷಯದಲ್ಲಿ ಈ ಪಾರುಪತ್ಯವು ಊರಿಗೇ ಸೇರಿದ್ದು. ಜಿಲ್ಲೆಗೊಂದಾದರೂ ವೃದ್ಧಾಶ್ರಮವಿರಬೇಕೆಂಬ ಆಶಯ ಅದೇ ಕಾನೂನಿನ 19ನೆಯ ಪ್ರಕರಣದಲ್ಲಿಯೂ ಇದೆ. ಸ್ಥಿತಿವಂತರು ತಮ್ಮ ಮನೆಯ ಒಂದು ಕೋಣೆಯನ್ನು ಅಲ್ಪ ಬಾಡಿಗೆಗೆ ಇಂತಹವರಿಗೆ ಬಿಟ್ಟುಕೊಟ್ಟರೆ ಅದೂ ಹರಿಸೇವೆಯೇ ಎಂದು ನಾವು ವಿನಂತಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.